ಕೂಗಳತೆಯ ಅಕ್ಕ

ಉಜ್ದಾ ಪೇಟೆಯಲ್ಲಿ ಮಗಳ ಮದುವೆ ಗೊತ್ತಾದ ತಾಯಂದಿರು ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಝುಲೀಖಾಳ ಮನೆಯನ್ನು. ಮದುಮಗಳು ತೊಡುವ ಬ್ಲೂಝಾ ಎಂಬ ಉದ್ದನೆಯ ನಿಲುವಂಗಿಗೆ ಎದೆಯ ಮೇಲೆ ಮಣಿ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ. ಮೂವತ್ತು ವರ್ಷಗಳಿಂದ ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು ಮಾಡಿದ ಕೆಲಸ. ಆದರೆ ಕಲಿತದ್ದು ಆ ಕಿಟಕಿಯ ಬಳಿಯಲ್ಲ. ಗಡಿಯಾಚೆಯ ಮಗ್ನಿಯಾದಲ್ಲಿ, ತವರಿನ ಅಂಗಳದಲ್ಲಿ, ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕ ಯಾಮ್ನಾ ಅವಳ ಬೆರಳು ಹಿಡಿದು ಕಲಿಸಿದ್ದು.

ಮಗ್ನಿಯಾ ದೂರದ ಊರೇನಲ್ಲ. ಗಡಿ ತೆರೆದಿದ್ದ ಕಾಲದಲ್ಲಿ ಅವಳ ಗಂಡ ಲಖ್ದರ್ ಆ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ. ಅವಳನ್ನು ಅವನು ಮೊದಲು ನೋಡಿದ್ದೂ ಆ ಬಸ್ಸಿನಲ್ಲೇ. ಮದುವೆಯಾದ ಹೊಸತರಲ್ಲಿ ಅವಳು ಬೆಳಿಗ್ಗೆ ರೊಟ್ಟಿ ಬೇಯಿಸಿಟ್ಟು ಹೊರಟರೆ ಮಧ್ಯಾಹ್ನದ ಊಟಕ್ಕೆ ತವರಿನಲ್ಲಿರುತ್ತಿದ್ದಳು, ಕತ್ತಲಾಗುವ ಮುಂಚೆ ಅಕ್ಕ ಕಟ್ಟಿಕೊಟ್ಟ ಬುತ್ತಿಯೊಂದಿಗೆ ಮನೆ ಸೇರುತ್ತಿದ್ದಳು. ಆರು ವರ್ಷ ಹಾಗೆ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಎರಡು ಸರ್ಕಾರಗಳು ಮುನಿಸಿಕೊಂಡವು, ಗಡಿ ಮುಚ್ಚಿತು. ನಾಲ್ಕು ದಿನ, ಹೆಚ್ಚೆಂದರೆ ನಾಲ್ಕು ತಿಂಗಳು ಎಂದುಕೊಂಡಿದ್ದರು. ಇಪ್ಪತ್ತೈದು ವರ್ಷವಾಯಿತು. ತಾಯಿ ತೀರಿಕೊಂಡಾಗ ಝುಲೀಖಾ ಕಾಸಾಬ್ಲಾಂಕಾಕ್ಕೆ ರೈಲು ಹತ್ತಿ, ಅಲ್ಲಿಂದ ಒರಾನಿಗೆ ವಿಮಾನದಲ್ಲಿ ಹಾರಿ, ಮತ್ತೆ ಕಾರಿನಲ್ಲಿ ಹಿಂದಕ್ಕೆ ಬಂದು ತವರು ಮುಟ್ಟುವ ಹೊತ್ತಿಗೆ ಗೋರಿಯ ಮೇಲಿನ ಮಣ್ಣು ಒಣಗಿತ್ತು. ಮನೆಯ ಮಾಳಿಗೆ ಹತ್ತಿದರೆ ಕಾಣುವ ಬೆಟ್ಟದ ಆಚೆ ಬದಿಗೆ ಹೋಗಲು ಅವಳಿಗೆ ಮೂರು ದಿನ ಹಿಡಿದಿತ್ತು.

ಉಳಿದಿದ್ದು ಎರಡು ದಾರಿ. ಒಂದು ಫೋನು. ಇನ್ನೊಂದು ಕೀಸ್ ಹೊಳೆ. ಸಮುದ್ರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಜಾಗವಿದೆ. ಅಲ್ಲಿ ಗಡಿಯೆಂದರೆ ಆ ಸಣ್ಣ ಹೊಳೆಯಷ್ಟೇ. ಈ ದಡದ ರಸ್ತೆ ಇವರ ದೇಶ, ಆ ದಡದ ರಸ್ತೆ ಅವರ ದೇಶ, ಎರಡೂ ಕಡೆ ಬೇಲಿ. ಬೀಗರು, ಅಣ್ಣತಮ್ಮಂದಿರು, ಅಕ್ಕತಂಗಿಯರು ಮೊದಲೇ ಮಾತಾಡಿಕೊಂಡು ಬಂದು, ಎದುರುಬದುರು ನಿಂತು, ಕೈಬೀಸಿ, ಕೂಗಿ ಕುಶಲ ಕೇಳಿ ಹೋಗುತ್ತಾರೆ. ಝುಲೀಖಾ ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ಅಕ್ಕ ಕೂಗಳತೆಯಲ್ಲಿರುತ್ತಿದ್ದಳು. ಕೈಯಳತೆಯಲ್ಲಿ ಮಾತ್ರ ಇರುತ್ತಿರಲಿಲ್ಲ.

ಐವತ್ಮೂರು ತುಂಬಿದ ವರ್ಷ, ಒಂದು ಬೆಳಿಗ್ಗೆ, ಝುಲೀಖಾ ಮಣಿ ಪೋಣಿಸುತ್ತ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಕನ ಜತೆ ಮಾತಾಡುತ್ತಿದ್ದಳು. ಯಾಮ್ನಾ ತನ್ನ ಕಿರಿಮಗಳು ರೇಹಾನಳಿಗೆ ಗಂಡು ಗೊತ್ತಾದ ಸುದ್ದಿ ಹೇಳುತ್ತಿದ್ದಳು. ಇದ್ದಕ್ಕಿದ್ದಂತೆ ಝುಲೀಖಾಳ ಎದೆಯೊಳಗೆ ಬಾಣಲೆಯಲ್ಲಿ ಕಾಳು ಸಿಡಿದಂತಾಯಿತು. ಒಂದು ಬಡಿತ ಬೇಗ, ಒಂದು ತಡ, ಎರಡು ಒಟ್ಟೊಟ್ಟಿಗೆ, ಆಮೇಲೆ ಒಂದು ಕಾಣೆ. ಸೂಜಿಯ ಕಣ್ಣು ಕಾಣಲಿಲ್ಲ. ಉಸಿರು ಮೇಲೆಯೇ ನಿಂತಿತು. ಫೋನಿನಲ್ಲಿ ಅಕ್ಕ "ಖಿಯ್ತಿ, ನನ್ನ ಪುಟ್ಟ ತಂಗಿ, ಎಲ್ಲಿ ಹೋದೆ, ಮಾತಾಡು" ಎನ್ನುತ್ತಲೇ ಇದ್ದಳು. ಒಳಗೆ ಬಂದ ಲಖ್ದರ್ ನೋಡಿದ್ದು ಅದನ್ನೇ. ಹೆಂಡತಿ ಗೋಡೆಗೊರಗಿ ಬೆವರುತ್ತಿದ್ದಾಳೆ, ಫೋನು ಕೂಗುತ್ತಿದೆ.

ಆಸ್ಪತ್ರೆಯಲ್ಲಿ ಅವಳನ್ನು ನೋಡಿದ್ದು ಡಾಕ್ಟರ್ ನಿಸ್ರೀನ್ ಎಂಬ ಹೃದಯದ ವೈದ್ಯೆ, ಮಗಳು ಇಕ್ರಾಮಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಇಸಿಜಿಯ ಕಾಗದವನ್ನು ಮುಂದೆ ಹರಡಿ, ಗೀಟುಗಳ ನಡುವಿನ ಅಂತರ ಒಂದರ ಹಾಗೆ ಒಂದಿಲ್ಲದಿರುವುದನ್ನು ಬೆರಳಿಟ್ಟು ತೋರಿಸಿದಳು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವ ಬದಲು ನಡುಗುತ್ತಿವೆ, ಅದಕ್ಕೇ ಬಡಿತ ತಾಳ ತಪ್ಪಿದೆ ಎಂದಳು. ಇದು ಹೃದಯಾಘಾತವಲ್ಲ. ಆದರೆ ಹಾಗೆ ನಡುಗುವಾಗ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಆದ್ದರಿಂದ ರಕ್ತ ತೆಳುವಾಗಿಡುವ ಮಾತ್ರೆಯನ್ನು, ಎಷ್ಟೇ ಹುಷಾರಾಗಿದ್ದೇನೆ ಅನ್ನಿಸಿದರೂ, ಒಂದು ದಿನವೂ ಬಿಡುವಂತಿಲ್ಲ. ಬಡಿತ ನಿಧಾನಿಸುವ ಮಾತ್ರೆ ಬೇರೆ. ಎದೆ ನೋವು ಬಂದರೆ, ಕಣ್ಣು ಕತ್ತಲಿಟ್ಟರೆ, ಮಾತು ತೊದಲಿದರೆ ಮನೆಯಲ್ಲಿ ಕೂರದೆ ನೇರ ಆಸ್ಪತ್ರೆಗೆ ಬರಬೇಕು. ಸಂಜೆಯ ಹೊತ್ತಿಗೆ ಬಡಿತ ತಾನಾಗಿಯೇ ದಾರಿಗೆ ಬಂತು.

ಡಾಕ್ಟರ್ ಹೇಳಿದ ಹತ್ತು ಮಾತಿನಲ್ಲಿ ಲಖ್ದರನ ಕಿವಿಗೆ ಬಿದ್ದದ್ದು ಒಂದೇ, ಮನಸ್ಸಿಗೆ ಹೆಚ್ಚು ಉದ್ವೇಗ ಬೇಡ ಎನ್ನುವುದು. ಮನೆಗೆ ಬಂದವನೇ ತೀರ್ಪು ಕೊಟ್ಟ. ಅಕ್ಕನ ಫೋನು ಇನ್ನು ಶುಕ್ರವಾರ ಮಾತ್ರ, ಅದೂ ಹತ್ತು ನಿಮಿಷ. ಹೊಳೆಯ ದಾರಿ ಬಂದ್.

"ಅಲ್ಲಿ ನಿಂತ್ಕೊಂಡು ಅಳೋದು, ಬಂದು ಮೂರು ದಿನ ಊಟ ಬಿಡೋದು. ನಿನ್ನ ಎದೆ ಕೆಡಿಸಿದ್ದೇ ಆ ಹೊಳೆ," ಎಂದ.

"ಹೊಳೆಗೆ ಹೋಗಿ ಏಳು ತಿಂಗಳಾಯ್ತು. ಎದೆ ಕೆಟ್ಟಿದ್ದು ನಿನ್ನೆ," ಎಂದಳು ಝುಲೀಖಾ.

ಆದರೆ ಇಕ್ರಾಮ್ ಕೂಡ ಅಪ್ಪನ ಪಕ್ಷ ಸೇರಿದ್ದಳು. ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಅಭ್ಯಾಸವಾದ ದನಿಯಲ್ಲಿ, "ಯಮ್ಮಾ, ನಮಗೆ ನೀನು ಬೇಕು, ಅಷ್ಟೇ," ಎಂದು ಮಾತು ಮುಗಿಸಿಬಿಟ್ಟಳು.

ಮುಂದಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಕಾಳು ಸಿಡಿಯಿತು. ಕೆಲವು ಸಲ ಅರ್ಧ ಗಂಟೆ, ಒಮ್ಮೆ ಇಡೀ ದಿನ. ಬಡಿತಕ್ಕಿಂತ ಅದರ ಭಯವೇ ಅವಳನ್ನು ಹೆಚ್ಚು ಹಣ್ಣು ಮಾಡಿತು. ಮೆಟ್ಟಿಲು ಹತ್ತುವಾಗ ಭಯ, ಜೋರಾಗಿ ನಕ್ಕರೆ ಭಯ, ಸ್ನಾನಕ್ಕೆ ಹಮ್ಮಾಮಿಗೆ ಹೋಗಲು ಭಯ. ಅಕ್ಕನ ನೆನಪು ಬಂದರೆ ಎಲ್ಲಕ್ಕಿಂತ ಹೆಚ್ಚು ಭಯ. ನೆನಪು ಕೂಡ ಎದೆಗೆ ಕೆಟ್ಟದ್ದು ಎಂದ ಮೇಲೆ ಮನುಷ್ಯ ಎಲ್ಲಿ ಅಂತ ಬದುಕಬೇಕು ಎಂದುಕೊಳ್ಳುತ್ತಿದ್ದಳು. ರಮ್ಝಾನಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದ ಬೆಟ್ಟದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮಗ್ನಿಯಾದಲ್ಲಿ ಸೂರ್ಯ ಕೊಂಚ ಮುಂಚೆ ಮುಳುಗುತ್ತಾನೆ. ಉಜ್ದಾದ ಬಾಂಗಿಗೆ ಇನ್ನೂ ಒಂದು ನಿಮಿಷ ಇರುವಾಗಲೇ ಅವಳು, "ಈಗ ಅಕ್ಕ ಖರ್ಜೂರ ಬಾಯಿಗಿಟ್ಟಳು," ಎನ್ನುತ್ತಿದ್ದಳು. ಆ ವರ್ಷ ಡಾಕ್ಟರ್ ಅವಳಿಗೆ ಉಪವಾಸ ಬೇಡವೆಂದಿದ್ದಳು. ಆದರೂ ಅವಳು ಆ ಒಂದು ನಿಮಿಷ ಕಾದೇ ಕಾಯುತ್ತಿದ್ದಳು.

ಎರಡನೆಯ ಸಲ ಹೋದಾಗ ಡಾಕ್ಟರ್ ನಿಸ್ರೀನ್ ಒಂದು ಕೆಲಸ ಕೊಟ್ಟಳು. ಬಡಿತ ತಪ್ಪಿದ ದಿನ ಯಾವುದು, ಅದರ ಹಿಂದಿನ ದಿನ ಏನು ತಿಂದೆ, ಎಷ್ಟು ಮಲಗಿದೆ, ಏನು ಮಾಡಿದೆ, ಎಲ್ಲ ಬರೆದಿಡಬೇಕು.

"ಬರೆಯೋಕೆ ನಂಗೆ ಬರಲ್ಲ ಮಗಳೇ," ಎಂದಳು ಝುಲೀಖಾ. "ಹೊಲಿಯೋಕೆ ಬರುತ್ತೆ."

"ಹಾಗಾದ್ರೆ ಹೊಲ್ಕೊಂಡು ಬನ್ನಿ ಖಾಲ್ತಿ," ಎಂದಳು ಡಾಕ್ಟರ್. ತಾಯಿಯ ತಂಗಿಯನ್ನು ಕರೆಯುವ ಹಾಗೆ ಕರೆದು, ತಮಾಷೆಗೆ ಅಂದ ಮಾತು ಅದು.

ಝುಲೀಖಾ ತಮಾಷೆ ಎಂದುಕೊಳ್ಳಲಿಲ್ಲ. ಮನೆಗೆ ಬಂದು ಅಂಗೈ ಅಗಲದ ಒಂದು ಬಿಳಿ ಬಟ್ಟೆಯ ಪಟ್ಟಿ ಕತ್ತರಿಸಿದಳು. ದಿನಕ್ಕೊಂದು ಹೊಲಿಗೆ. ಎದೆ ತಾಳ ತಪ್ಪಿದ ದಿನಕ್ಕೆ ಕೆಂಪು ಮಣಿ. ನಿದ್ದೆಗೆಟ್ಟ ದಿನಕ್ಕೆ ಹಳದಿ. ಪುದಿನ ಹಾಕಿದ ಕಡುಚಹಾ ಎರಡು ಲೋಟ ದಾಟಿದರೆ ಹಸಿರು. ಅಕ್ಕನ ಜತೆ ಮಾತಾಡಿದ ದಿನಕ್ಕೆ ನೀಲಿ. ಸುಳ್ಳು ಹೊಲಿಯಬಾರದು ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಪಟ್ಟಿ ಉದ್ದವಾಗುತ್ತ ಹೋದ ಹಾಗೆ ಅದನ್ನು ಸುರುಳಿ ಸುತ್ತಿ ಮಣಿಡಬ್ಬಿಯಲ್ಲಿಡುತ್ತಿದ್ದಳು.

ಆರು ತಿಂಗಳಾದ ಮೇಲೆ ಗಂಡ, ಮಗಳ ಜತೆ ಹೋಗಿ ಅದನ್ನು ಡಾಕ್ಟರರ ಮೇಜಿನ ಮೇಲೆ ಬಿಚ್ಚಿದಳು. ಡಾಕ್ಟರ್ ನಿಸ್ರೀನ್ ಮೊದಲು ನಕ್ಕಳು, ಆಮೇಲೆ ಕನ್ನಡಕ ಹಾಕಿಕೊಂಡು ಕೂತಳು. ಕೆಂಪು ಮಣಿ ಹನ್ನೊಂದಿದ್ದವು. ಅದರಲ್ಲಿ ಎಂಟರ ಪಕ್ಕದಲ್ಲೇ ಹಳದಿ ಇತ್ತು, ಹೆಚ್ಚಿನವು ಮದುವೆಯ ಹಂಗಾಮಿನಲ್ಲಿ ನಿದ್ದೆ ಬಿಟ್ಟು ಬ್ಲೂಝಾ ಮುಗಿಸಿದ ದಿನಗಳು. ಐದರ ಪಕ್ಕ ಹಸಿರೂ ಇತ್ತು, ಎಚ್ಚರವಾಗಿರಲು ಕುಡಿದ ಚಹಾ. ಎರಡು ಕೆಂಪಿನ ಆಚೀಚೆ ಏನೂ ಇರಲಿಲ್ಲ. ಕೆಲವು ಸಲ ಅದು ಕಾರಣವಿಲ್ಲದೆಯೂ ಬರುತ್ತದೆ, ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಎಂದಳು ಡಾಕ್ಟರ್. ನೀಲಿಯ ಪಕ್ಕದಲ್ಲಿದ್ದ ಕೆಂಪು ಒಂದೇ ಒಂದು. ಅದು ತವರುಮನೆಯ ಅಂಜೂರದ ಮರ ಕಡಿಸಿದೆವೆಂದು ಅಕ್ಕ ಹೇಳಿದ ದಿನ.

ಇಕ್ರಾಮ್ ಅಷ್ಟು ಹೊತ್ತೂ ಬಗ್ಗಿ ನೀಲಿ ಮಣಿಗಳನ್ನು ಎಣಿಸುತ್ತಿದ್ದಳು.

"ಯಮ್ಮಾ, ಆರು ತಿಂಗಳಲ್ಲಿ ಶುಕ್ರವಾರ ಇಪ್ಪತ್ತಾರು. ಇಲ್ಲಿ ನೀಲಿ ಎಂಬತ್ತೆರಡಿದೆ."

ಝುಲೀಖಾ ಸೆರಗಿನಂಥ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ, "ಎಲ್ಲ ಹೊಲೀಬೇಕು ಅಂತ ಡಾಕ್ಟರೇ ಹೇಳಿದ್ದು," ಎಂದಳು.

ಲಖ್ದರ್ ಒಮ್ಮೆ ಪಟ್ಟಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ, "ಇವಳ ಗೊರಕೆಗೆ ಒಂದು ಮಣಿ ಇಲ್ಲ ನೋಡಿ. ನನ್ನ ಹಳೇ ಬಸ್ಸು ಗುಡ್ಡ ಹತ್ತುವಾಗಲೂ ಅಷ್ಟು ಸದ್ದು ಮಾಡ್ತಿರಲಿಲ್ಲ," ಎಂದ. ಮಾತು ತಪ್ಪಿಸಲು ಆಡಿದ್ದೇ ಇರಬೇಕು. ಆದರೆ ಡಾಕ್ಟರ್ ಅದನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಕೇಳಿ, ಅದೂ ಎದೆಯ ತಾಳ ಕೆಡಿಸುತ್ತದೆಂದು ಹೇಳಿ, ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟಳು. ಕೊನೆಗೆ ಅವನನ್ನೇ ನೋಡಿ, ಮನಸ್ಸು ಹಗುರಾಗಿರಬೇಕು ಅಂದಿದ್ದೆ, ಮನಸ್ಸಿಗೆ ಬೀಗ ಹಾಕಿ ಅಂದಿರಲಿಲ್ಲ ಎಂದಳು.

ಅಲ್ಲಿಂದ ಝುಲೀಖಾಳ ದಿನಚರಿ ಬದಲಾಯಿತು. ದೀಪ ಹಚ್ಚಿದ ಮೇಲೆ ಸೂಜಿ ಮುಟ್ಟುವುದನ್ನು ಬಿಟ್ಟಳು. ಅವಸರದ ಮದುವೆಗಳನ್ನು ಬೇರೆ ಹೊಲಿಗೆಯವರ ಬಳಿಗೆ ಕಳಿಸಿದಳು. ಚಹಾ ಬೆಳಿಗ್ಗೆ ಒಂದು ಲೋಟ, ತೆಳ್ಳಗೆ. ಪ್ರತಿದಿನ ಏಳುತ್ತಿದ್ದ ಹಾಗೆ ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿಕೊಳ್ಳುವುದು, ಸಂಜೆ ಲಖ್ದರನ ಜತೆ ಊರ ಹೊರಗಿನ ತೋಪಿನವರೆಗೆ ನಡೆಯುವುದು. ನಿದ್ದೆಯ ಪರೀಕ್ಷೆಯಾದ ಮೇಲೆ ಮಗ್ಗುಲಾಗಿ ಮಲಗುವುದನ್ನು ಕಲಿತಳು, ತೂಕವೂ ಕೊಂಚ ಇಳಿಯಿತು. ಬಡಿತ ತಪ್ಪಿದರೆ ಗಾಬರಿಯಾಗದೆ ಕೂತು, ನಿಧಾನ ಉಸಿರೆಳೆದು ನಿಧಾನ ಬಿಡುತ್ತ, ಡಾಕ್ಟರ್ ಆ ಹೊತ್ತಿಗೆಂದೇ ಹೇಳಿಕೊಟ್ಟಿದ್ದ ಮಾತ್ರೆ ನುಂಗಿ ಕಾಯುವುದನ್ನೂ ಕಲಿತಳು. ಕೆಂಪು ಮಣಿಗಳು ತಿಂಗಳಿಗೆ ಒಂದಕ್ಕಿಳಿದವು, ಆಮೇಲೆ ಒಂದು ತಿಂಗಳು ಒಂದೂ ಇರಲಿಲ್ಲ.

ರೇಹಾನಳ ಮದುವೆ ಹತ್ತಿರ ಬಂತು. ಮೂರು ದಿನದ ಸುತ್ತುಪ್ರಯಾಣ ಈ ವರ್ಷ ಬೇಡ, ಇನ್ನೊಂದಿಷ್ಟು ಕಾಲ ಬಡಿತ ನೆಟ್ಟಗಿರಲಿ ಎಂದಳು ಡಾಕ್ಟರ್. ಊರಿನ ಎಲ್ಲ ಹೆಣ್ಣುಮಕ್ಕಳ ಮೈಗೆ ಬ್ಲೂಝಾ ತೊಡಿಸಿದ ಝುಲೀಖಾಳಿಗೆ ಅಕ್ಕನ ಮಗಳಿಗೆ ತೊಡಿಸುವುದು ಆಗಲಿಲ್ಲ. ಆದರೆ ಹಗಲು ಬೆಳಕಿನಲ್ಲೇ ಕೂತು ಮೂರು ತಿಂಗಳಲ್ಲಿ ಅದನ್ನು ಹೊಲಿದು ಮುಗಿಸಿದಳು. ಒರಾನಿಗೆ ಹೋಗುವ ಪರಿಚಯದವರೊಬ್ಬರು ಅದನ್ನು ಒಯ್ಯುತ್ತೇನೆಂದರು. ಅದಕ್ಕೂ ಮೊದಲು ಅಕ್ಕನಿಗೆ ತಾನೇ ತೋರಿಸಬೇಕು ಎಂದು ಹಟ ಹಿಡಿದಳು. ಈ ಸಲ ಲಖ್ದರ್ ಬೇಡವೆನ್ನಲಿಲ್ಲ. ತಾನೇ ಪಕ್ಕದ ಮನೆಯವರ ಕಾರು ಕೇಳಿ ತಂದ. ಇಕ್ರಾಮಳೂ ಜತೆಗೆ ಹೊರಟಳು.

ಅದು ಸೆಪ್ಟೆಂಬರಿನ ಒಂದು ಶುಕ್ರವಾರ, ಬಿಸಿಲಿನ್ನೂ ಇಳಿದಿರಲಿಲ್ಲ. ಇವರು ಹೊಳೆಯ ಜಾಗ ತಲುಪಿದಾಗ ಆಚೆ ದಡದಲ್ಲಿ ಬಿಳಿ ಕಾರಿನ ಪಕ್ಕ ಯಾಮ್ನಾ ನಿಂತೇ ಇದ್ದಳು. ಎರಡು ವರ್ಷದಲ್ಲಿ ಕೊಂಚ ಬಾಗಿದ್ದಳು. ಪಕ್ಕದಲ್ಲಿ ಕಾರು ಓಡಿಸಿಕೊಂಡು ಬಂದ ಮಗನಿದ್ದ. ಝುಲೀಖಾ ಬೇಲಿಯ ಹತ್ತಿರ ಹೋಗಿ ಬ್ಲೂಝಾವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಈ ಕಡೆ ತಿರುಗಿಸು," ಯಾಮ್ನಾಳ ದನಿ ಹೊಳೆ ದಾಟಿ ಬಂತು. "ಬಿಸಿಲಿಗೆ ಹಿಡಿ. ಎದೆ ಮೇಲಿನ ಕೆಲಸ ಕಾಣ್ತಿಲ್ಲ."

ಝುಲೀಖಾ ಬಿಸಿಲಿಗೆ ತಿರುಗಿಸಿದಳು. ಮಣಿಗಳು ಹೊಳೆದವು.

"ಎಡಗಡೆ ಬಳ್ಳಿ ಒಂದೆಳೆ ಸೊಟ್ಟ ಇದೆ," ಎಂದಳು ಅಕ್ಕ.

"ಅಲ್ಲಿಂದ ಎಳೆ ಕಾಣುತ್ತಾ ನಿಂಗೆ? ಕಲಿಸಿದವರು ಹಾಗೇ ಕಲಿಸಿದ್ರು," ಎಂದಳು ತಂಗಿ. ಎರಡೂ ದಡದಲ್ಲಿ ನಿಂತಿದ್ದ ಬೇರೆಯವರೂ ನಕ್ಕರು.

ಆ ನಗುವಿನ ನಡುವೆಯೇ ಎದೆಯೊಳಗೆ ಕಾಳು ಸಿಡಿಯಿತು. ಝುಲೀಖಾ ಬ್ಲೂಝಾವನ್ನು ಮಗಳ ಕೈಗೆ ಕೊಟ್ಟು, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಮಣಿಕಟ್ಟಿಗೆ ಬೆರಳಿಟ್ಟಳು. ಹೌದು, ಅದೇ. ಇಕ್ರಾಮ್ ಚೀಲದಿಂದ ಮಾತ್ರೆ ತೆಗೆದಳು, ಲಖ್ದರ್ ನೀರಿನ ಬಾಟಲಿ ಹಿಡಿದು ಬಂದ. ಆಚೆ ದಡದಲ್ಲಿ ಯಾಮ್ನಾ ಎಲ್ಲವನ್ನೂ ನೋಡುತ್ತಿದ್ದಳು. ಎರಡು ಹೆಜ್ಜೆ ಮುಂದೆ ಬಂದಳು, ಬೇಲಿ ತಡೆಯಿತು. ಬೇಲಿಯ ತಂತಿ ಹಿಡಿದು ನಿಂತಳು. ದೂರದಲ್ಲಿದ್ದ ಕಾವಲಿನ ಸಿಪಾಯಿ ಆ ಕಡೆ ನೋಡಿ ಮುಖ ತಿರುಗಿಸಿದ.

ಇಕ್ರಾಮಳ ಫೋನು ರಿಂಗಾಯಿತು. ಎದುರಿಗೆ ಕಾಣುತ್ತಿದ್ದ ಅಕ್ಕನೇ. ಇಕ್ರಾಮ್ ಅದನ್ನು ತಾಯಿಯ ಕಿವಿಗೆ ಹಿಡಿದಳು.

"ನನ್ನನ್ನೇ ನೋಡು," ಎಂದಳು ಯಾಮ್ನಾ. "ಉಸಿರು ನಿಧಾನ ತಗೋಬೇಕು ಅಂತ ನೀನೇ ಹೇಳಿದ್ದೆಯಲ್ಲ ಫೋನಲ್ಲಿ. ನನ್ನ ಕೈ ಮೇಲೆ ಹೋದಾಗ ತಗೋ. ಇಳಿದಾಗ ಬಿಡು."

ಹಾಗೆಂದು ಯಾಮ್ನಾ ಬಲಗೈಯನ್ನು ನಿಧಾನವಾಗಿ ಮೇಲೆತ್ತಿದಳು, ಇನ್ನೂ ನಿಧಾನವಾಗಿ ಇಳಿಸಿದಳು. ಮತ್ತೆ ಎತ್ತಿದಳು. ಬಿಸಿಲಿನಲ್ಲಿ, ಅರವತ್ತು ದಾಟಿದ ಆ ಹೆಂಗಸು, ತೋಳು ಸೋತು ಬರುವವರೆಗೆ ಹಾಗೆಯೇ ಮಾಡುತ್ತ ನಿಂತಳು. ಬಲಗೈ ಸೋತ ಮೇಲೆ ಎಡಗೈ ಎತ್ತಿದಳು. ಝುಲೀಖಾ ಆ ಕೈಯನ್ನೇ ನೋಡುತ್ತ ಉಸಿರಾಡಿದಳು. ತನ್ನ ಬೆರಳು ಹಿಡಿದು ಸೂಜಿ ತಿದ್ದಿದ ಕೈ. ಅದನ್ನು ಮುಟ್ಟಿ ಹನ್ನೆರಡು ವರ್ಷವಾಗಿತ್ತು, ತಾಯಿ ಸತ್ತಾಗ ಮುಟ್ಟಿದ್ದು. ಭಯ ಇಳಿಯಿತು. ಬಡಿತ ಮಾತ್ರ ದಾರಿಗೆ ಬರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಲಖ್ದರ್ ಇನ್ನು ಕಾಯುವುದು ಬೇಡ ಎಂದ. ಕಾರು ಹೊರಟಾಗ ಯಾಮ್ನಾ ಕೈಬೀಸಲಿಲ್ಲ. ಆ ಬೇಲಿಯನ್ನೇ ಹಿಡಿದುಕೊಂಡು ನಿಂತಿದ್ದಳು. ತಿರುವು ಬಂದು ಮರೆಯಾದಳು.

ದಾರಿಯಲ್ಲಿ ಸಿಕ್ಕ ಊರಿನ ಆಸ್ಪತ್ರೆಯಲ್ಲಿ ನಾಡಿ ನೋಡಿ, ನರಕ್ಕೆ ಹನಿಹನಿಯಾಗಿ ನೀರು ಹತ್ತಿಸಿ, ಔಷಧಿ ಕೊಟ್ಟರು. ಬೆಳಗಾಗುವಷ್ಟರಲ್ಲಿ ಬಡಿತ ಸಮವಾಯಿತು. ಲಖ್ದರ್ ಮಂಚದ ಪಕ್ಕ ಕೂತಿದ್ದ. ಅವನ ಬಾಯಲ್ಲಿ ಹಳೆಯ ಮಾತು ಬರುತ್ತದೆಂದು ಝುಲೀಖಾಳಿಗೆ ಗೊತ್ತಿತ್ತು, ತಾನೇ ಮೊದಲು ಹೇಳಿಬಿಟ್ಟಳು.

"ಅಕ್ಕನಿಂದ ಅಲ್ಲ. ದಾರೀಲಿ ಇಳಿಯೋ ಹಾಗಾಗಬಾರದು ಅಂತ ನಿನ್ನೆ ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ."

ಲಖ್ದರ್ ಅವಳನ್ನು ದಿಟ್ಟಿಸಿ ನೋಡಿದ. "ಮೂವತ್ತು ವರ್ಷ ಬಸ್ಸು ಓಡಿಸ್ದೆ. ಹೆಂಗಸರು ಕೇಳಿದ ಕಡೆ ನಿಲ್ಲಿಸಿಲ್ವಾ ನಾನು? ನನ್ನ ಹೆಂಡತಿಗೆ ನಿಲ್ಲಿಸ್ತಿರಲಿಲ್ವಾ?" ಎಂದ. ಆಮೇಲೆ, "ವಸಂತಕ್ಕೆ ಮತ್ತೆ ಹೋಗೋಣ. ನೀರು ಕುಡ್ಕೊಂಡು," ಎಂದು ಎದ್ದು ಕಿಟಕಿಯ ಪರದೆ ಸರಿಸಿದ.

ಬ್ಲೂಝಾ ಒರಾನಿನ ದಾರಿಯಾಗಿ ಮಗ್ನಿಯಾ ಸೇರಿತು. ರೇಹಾನ್ ಅದನ್ನು ತೊಟ್ಟು ನಿಂತ ಚಿತ್ರ ಫೋನಿಗೆ ಬಂತು. ಎಡಗಡೆಯ ಬಳ್ಳಿ ನಿಜವಾಗಿಯೂ ಒಂದೆಳೆ ಸೊಟ್ಟಗಿತ್ತು. ಅವರು ವಸಂತದಲ್ಲಿ ಹೋದರು, ಮರುವರ್ಷವೂ ಹೋದರು. ಝುಲೀಖಾಳ ಬಡಿತ ಪೂರ್ತಿ ವಾಸಿಯಾಯಿತು ಎನ್ನುವಂತಿಲ್ಲ. ವರ್ಷಕ್ಕೆ ಎರಡು ಮೂರು ಸಲ ಬಂದು ಹೋಗುತ್ತದೆ. ಕರೆಯದೆ ಬರುವ ನೆಂಟನಿಗೆ ಕೂರಲು ಮಣೆ ಕೊಡುವಂತೆ ಅವಳು ಅದಕ್ಕೂ ಜಾಗ ಕೊಟ್ಟು, ಹೋಗುವವರೆಗೆ ಕಾಯುತ್ತಾಳೆ.

ಮೂರನೆಯ ಚಳಿಗಾಲದಲ್ಲಿ ಯಾಮ್ನಾ ಫೋನು ಮಾಡಿ, ಎರಡು ದಿನದಿಂದ ಎದೆಯಲ್ಲಿ ಏನೋ ಓಡಾಡಿದಂತಿದೆ ಎಂದಳು. ಝುಲೀಖಾಳಿಗೆ ಹೆಚ್ಚು ಕೇಳಬೇಕಾಗಲಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗು ಎಂದು ಗದರಿಸಿ ಅಂದೇ ಕಳಿಸಿದಳು. ಅಲ್ಲಿಯೂ ಅದೇ ಕಾಯಿಲೆ, ಅದೇ ಬಗೆಯ ಮಾತ್ರೆ. ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕತಂಗಿಯರು ಫೋನು ಹಿಡಿದು ತಮ್ಮ ತಮ್ಮ ನಾಡಿ ನೋಡಿಕೊಳ್ಳುತ್ತಾರೆ. ತಂಗಿ ಗಡಿಯಾರ ನೋಡಿ ಶುರು ಎನ್ನುತ್ತಾಳೆ, ನಿಮಿಷ ಮುಗಿದಾಗ ಸಾಕು ಎನ್ನುತ್ತಾಳೆ. ಯಾಮ್ನಾ ಒಂದು ದಿನ ನಲವತ್ತು ಎನ್ನುತ್ತಾಳೆ, ಒಂದು ದಿನ ನೂರಾ ಹತ್ತು. ನಡುವೆ ಯಾರೋ ಬಾಗಿಲು ತಟ್ಟಿದರು, ಬೆಕ್ಕು ಹಾಲಿಗೆ ಬಾಯಿ ಹಾಕಿತು, ಎಣಿಕೆ ತಪ್ಪಿತು ಎಂದು ಕತೆ ಹೇಳುತ್ತಾಳೆ. ಲೆಕ್ಕ ಹಿಡಿಯುವುದು ಅವಳಿಗೆ ಚಿಕ್ಕಂದಿನಿಂದಲೂ ಆಗದು.

"ಬೆರಳು ಎಲ್ಲಿಟ್ಟಿದ್ದೀಯ ಹೇಳು," ಎನ್ನುತ್ತಾಳೆ ಝುಲೀಖಾ.

"ನೀನು ಹೇಳಿದ ಕಡೆನೇ."

"ಹೆಬ್ಬೆರಳಿನ ಬುಡದಲ್ಲಿ. ಒತ್ತಬೇಡ. ಸುಮ್ನೆ ಇಡು."

"ಇಟ್ಟಿದ್ದೀನಿ ಖಿಯ್ತಿ. ಏನೂ ಸಿಗ್ತಿಲ್ಲ. ನಾನು ಬದುಕಿದ್ದೀನಾ ಇಲ್ವಾ ನೀನೇ ಹೇಳು," ಎಂದು ಯಾಮ್ನಾ ನಗುತ್ತಾಳೆ.

ಝುಲೀಖಾಳ ಎರಡು ಬೆರಳುಗಳು ತನ್ನ ಮಣಿಕಟ್ಟಿನಿಂದ ಎದ್ದು ಗಾಳಿಯಲ್ಲಿ ನಿಲ್ಲುತ್ತವೆ. ಒಂದೇ ಒಂದು ನಿಮಿಷ ಆ ಕೈ ಇಲ್ಲಿ ಸಿಕ್ಕಿದ್ದರೆ ತಾನೇ ಎಣಿಸಿಬಿಡುತ್ತಿದ್ದೆ ಎಂದುಕೊಳ್ಳುತ್ತಾಳೆ. ಆಮೇಲೆ ಬೆರಳುಗಳನ್ನು ತನ್ನ ಕೈಗೇ ಮರಳಿ ಇಟ್ಟುಕೊಂಡು, "ಇನ್ನೊಂದ್ಸಲ ನೋಡು, ಅಕ್ಕಾ. ಮೊದಲಿಂದ," ಎನ್ನುತ್ತಾಳೆ.